ಸಾಗರ ಉಷ್ಣ ಅಲೆಗಳು: ಅರಬ್ಬಿ ಸಮುದ್ರ, ಅದರ ಜೀವರಾಶಿ ಮತ್ತು ವಿಜಯಪುರದ ಬಯಲು

ಸಮುದ್ರದ ಒಂದು ಭಾಗದ ಮೇಲ್ಮೈ ನೀರು ಆ ಜಾಗಕ್ಕೂ ಆ ಋತುವಿಗೂ ರೂಢಿಯಾದ ಉಷ್ಣತೆಯನ್ನು ಮೀರಿ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಸಿಯಾಗಿಯೇ ಉಳಿಯುವ ಸ್ಥಿತಿಗೆ ಸಾಗರ ಉಷ್ಣ ಅಲೆ ಎನ್ನುತ್ತಾರೆ. ಹವಳದ ದಿಬ್ಬ, ಮೀನಿನ ಸಂತತಿ, ಕಡಲಹುಲ್ಲು, ಕಡಲಹಕ್ಕಿ ಇವೆಲ್ಲದರ ಮೇಲೆ ಇದರ ಹೊಡೆತ ನೇರವಾದದ್ದು. ಚಂಡಮಾರುತ ಮತ್ತು ಮುಂಗಾರಿನ ಮೂಲಕ ಇದು ಕಡಲನ್ನೇ ಕಾಣದ ಊರುಗಳನ್ನೂ ಮುಟ್ಟುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಅರಬ್ಬಿ ಸಮುದ್ರದಿಂದ 200 ಕಿ.ಮೀ.ಗೂ ಹೆಚ್ಚು ಒಳಗಿವೆ. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಆದರೂ ಇಲ್ಲಿನ ತೊಗರಿ, ಜೋಳ, ನಿಂಬೆ, ದ್ರಾಕ್ಷಿಗೆ ಬೇಕಾದ ನೀರು, ಹೊಲದ ಮೇಲೆ ಸುರಿದದ್ದಿರಲಿ ಕಾಲುವೆಯಲ್ಲಿ ಹರಿದು ಬಂದದ್ದಿರಲಿ, ಹುಟ್ಟುವುದು ಕಡಲಲ್ಲೇ. ಅರಬ್ಬಿ ಸಮುದ್ರದ ಉಷ್ಣ ಅಲೆಗಳು ಹೇಗೆ ಏಳುತ್ತವೆ, ಕನ್ನಡ ಕರಾವಳಿ ಮತ್ತು ಲಕ್ಷದ್ವೀಪದ ಜೀವಿಗಳಿಗೆ ಏನು ಮಾಡಿವೆ, ಈ ನಾಲ್ಕು ತಾಲ್ಲೂಕುಗಳ ಮಳೆಗೂ ಅವಕ್ಕೂ ಎಂಥ ನಂಟು ಎಂಬುದು ಈ ಲೇಖನದ ವಿಷಯ.

ನೆಲದ ಬಿಸಿಗಾಳಿಗೆ ಭಾರತೀಯ ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಒಂದು ಅಳತೆ ಇಟ್ಟುಕೊಂಡಿದೆ. ಗರಿಷ್ಠ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕಡಲಿಗೆ ಈ ಅಳತೆ ಒಗ್ಗುವುದಿಲ್ಲ. ಅಲ್ಲಿ ಒಂದೆರಡು ಡಿಗ್ರಿ ಏರಿದರೇ ಅನಾಹುತ. ಆಸ್ಟ್ರೇಲಿಯದ ಅಲಿಸ್ಟೇರ್ ಹಾಬ್ಡೇ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ವ್ಯಾಖ್ಯೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ಒಂದು ಜಾಗದ 30 ವರ್ಷಗಳ ದಾಖಲೆ ತೆಗೆದುಕೊಂಡು, ವರ್ಷದ ಆ ಹೊತ್ತಿನ ಉಷ್ಣತೆಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿಸುವ ಮಟ್ಟವನ್ನು ಗುರುತಿಸುತ್ತಾರೆ. ನೀರು ಆ ಮಟ್ಟದ ಮೇಲೆ ಸತತ 5 ದಿನ ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅದು ಉಷ್ಣ ಅಲೆ. ಈ ಲೆಕ್ಕದಲ್ಲಿ ಚಳಿಗಾಲದಲ್ಲೂ ಉಷ್ಣ ಅಲೆ ಬರಬಹುದು. ಡಿಸೆಂಬರಿನಲ್ಲಿ ತಂಪಾಗಬೇಕಿದ್ದ ನೀರು ತಂಪಾಗದೇ ಉಳಿದರೆ, ಆ ತಂಪನ್ನು ನೆಚ್ಚಿ ಮೊಟ್ಟೆಯಿಡುವ ಜೀವಿಗೆ ಅದೂ ಬೇಸಿಗೆಯ ಬಿಸಿಯಷ್ಟೇ ಕೆಡುಕು. ತೀವ್ರತೆಯನ್ನು ಸಾಧಾರಣ, ಪ್ರಬಲ, ತೀವ್ರ, ವಿಪರೀತ ಎಂಬ ನಾಲ್ಕು ದರ್ಜೆಗಳಲ್ಲಿ ಹೇಳುವ ಪದ್ಧತಿ 2018ರಲ್ಲಿ ಬಂತು.

ಉಪಗ್ರಹಗಳ ನಿರಂತರ ದಾಖಲೆ ಇರುವುದು 1980ರ ದಶಕದ ಆರಂಭದಿಂದ ಮಾತ್ರ. ಅದಕ್ಕೂ ಹಿಂದಿನದನ್ನು ಹಡಗುಗಳ ಅಳತೆಗಳಿಂದ ಅಂದಾಜು ಮಾಡುತ್ತಾರೆ. 1982ರಿಂದ 2016ರ ನಡುವೆ ಜಗತ್ತಿನ ಕಡಲುಗಳಲ್ಲಿ ಉಷ್ಣ ಅಲೆಯ ದಿನಗಳು ಎರಡು ಪಟ್ಟಾದವು ಎಂಬುದು 2018ರಲ್ಲಿ ಪ್ರಕಟವಾದ ಅಧ್ಯಯನದ ತೀರ್ಮಾನ.

ಉಂಟಾಗುವ ಬಗೆ

ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಸೇರಿರುವುದು ಸಮುದ್ರಕ್ಕೆ. ನೀರಿನ ಶಾಖಧಾರಣ ಶಕ್ತಿ ಅಷ್ಟು ದೊಡ್ಡದು: ಕಡಲಿನ ಮೇಲಿನ ಸುಮಾರು 3 ಮೀಟರ್ ನೀರಷ್ಟೇ ಇಡೀ ವಾಯುಮಂಡಲದಷ್ಟು ಶಾಖವನ್ನು ಹಿಡಿದಿಡಬಲ್ಲದು. ಹೀಗೆ ವರ್ಷದಿಂದ ವರ್ಷಕ್ಕೆ ಮೆಲ್ಲನೆ ಏರುತ್ತಿರುವ ಮಟ್ಟದ ಮೇಲೆ ಸ್ಥಳೀಯ ಕಾರಣಗಳು ಬಂದು ಕೂತಾಗ ಉಷ್ಣ ಅಲೆ ಏಳುತ್ತದೆ. ಆಕಾಶ ಮೋಡವಿಲ್ಲದೆ ಇದ್ದು ಬಿಸಿಲು ನೇರ ಬೀಳುವುದು ಒಂದು ಕಾರಣ. ಗಾಳಿ ಬಿದ್ದು ಹೋಗುವುದು ಇನ್ನೊಂದು. ಗಾಳಿ ಇಲ್ಲದಿದ್ದರೆ ನೀರು ಆವಿಯಾಗಿ ತಂಪಾಗುವುದೂ ಕಡಿಮೆ, ಕೆಳಗಿನ ತಣ್ಣೀರು ಮೇಲಿನದರೊಂದಿಗೆ ಬೆರೆಯುವುದೂ ಕಡಿಮೆ. ಬೇರೆ ಕಡೆಯ ಬೆಚ್ಚನೆಯ ನೀರನ್ನು ಪ್ರವಾಹಗಳು ಹೊತ್ತು ತರುವುದೂ ಉಂಟು. ಇವೆಲ್ಲವನ್ನೂ ದೂರದಿಂದ ಆಡಿಸುವುದು ಪೆಸಿಫಿಕ್‌ನ ನೀರು ವಾಡಿಕೆ ಮೀರಿ ಬಿಸಿಯಾಗುವ ಎಲ್ ನಿನೊ ಮತ್ತು ಹಿಂದೂ ಮಹಾಸಾಗರದ ಪೂರ್ವ–ಪಶ್ಚಿಮ ಉಷ್ಣತೆಯ ಏರುಪೇರು.

ಅರಬ್ಬಿ ಸಮುದ್ರದ ನಡೆ ಬೇರೆ ಕಡಲುಗಳಂತಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಅದರ ಆಗ್ನೇಯ ಮೂಲೆ, ಅಂದರೆ ಲಕ್ಷದ್ವೀಪ ಮತ್ತು ಕೇರಳ–ಕರ್ನಾಟಕ ಕರಾವಳಿಯ ನಡುವಿನ ನೀರು 30 ಡಿಗ್ರಿ ದಾಟುತ್ತದೆ. ಇದು ಪ್ರತಿ ವರ್ಷವೂ ನಡೆಯುವಂಥದು. ಚಳಿಗಾಲದಲ್ಲಿ ಬಂಗಾಳಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕೆಯನ್ನು ಬಳಸಿ ಇಲ್ಲಿಗೆ ಬಂದು ಹರಡಿಕೊಳ್ಳುತ್ತದೆ. ಹಗುರವಾದ ಆ ನೀರಿನ ಪದರ ಮೇಲೆ ನಿಂತು ಕೆಳಗಿನ ತಣ್ಣೀರನ್ನು ಬೆರೆಯಗೊಡುವುದಿಲ್ಲ. ಬೇಸಿಗೆಯ ಬಿಸಿಲೆಲ್ಲ ಆ ತೆಳುವಾದ ಪದರದಲ್ಲೇ ಉಳಿಯುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಪುಟ್ಟ ಬಿಸಿಕೊಳದ ಒಳಗುಟ್ಟನ್ನು ವರ್ಷಗಳ ಕಾಲ ಬಿಡಿಸಿದ್ದಾರೆ. 2002ರಲ್ಲಿ ಶುರುವಾದ ಅರಬ್ಬಿ ಸಮುದ್ರ ಮುಂಗಾರು ಪ್ರಯೋಗದ ಒಂದು ಗುರಿಯೂ ಇದೇ ಆಗಿತ್ತು. ಜೂನ್‌ನಲ್ಲಿ ಮುಂಗಾರಿನ ಗಾಳಿ ಬೀಸಿದೊಡನೆ ಆವಿಯಾಗುವಿಕೆಯೂ ಕೆಳನೀರಿನ ಮೇಲೇಳುವಿಕೆಯೂ ಸೇರಿ ಕಡಲು ತಣಿಯುತ್ತದೆ. ನೆತ್ತಿಯ ಮೇಲೆ ಸೂರ್ಯ ಇರುವ ಕಾಲದಲ್ಲಿ ತಂಪಾಗುವ ಉಷ್ಣವಲಯದ ಕಡಲು ಅಪರೂಪ. ಅರಬ್ಬಿ ಸಮುದ್ರದ ಜೀವಿಗಳ ಬಾಳೆಲ್ಲ ಈ ವಾರ್ಷಿಕ ತಂಪನ್ನು ನೆಚ್ಚಿ ಹೆಣೆದುಕೊಂಡಿದೆ. ಉಷ್ಣ ಅಲೆ ಆ ತಂಪನ್ನು ತಡಮಾಡಿಸುತ್ತದೆ ಅಥವಾ ಕುಗ್ಗಿಸುತ್ತದೆ.

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ (ಇನ್‌ಕಾಯಿಸ್) ಅಭಿಷೇಕ್ ಚಟರ್ಜಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅರಬ್ಬಿ ಸಮುದ್ರದಲ್ಲಿ ಉಷ್ಣ ಅಲೆಯ ದಿನಗಳು ದಶಕಕ್ಕೆ ಸುಮಾರು 20ರಂತೆ ಏರುತ್ತ ಬಂದಿವೆ. 2010 ಮತ್ತು 2016 ಅತಿ ಬಿಸಿಯಾದ ವರ್ಷಗಳು. ಎರಡೂ ಎಲ್ ನಿನೊದ ಬೆನ್ನಿಗೆ ಬಂದವು. 1951ರಿಂದ 2015ರ ತನಕ ಜಗತ್ತಿನ ಕಡಲುಗಳ ಮೇಲ್ಮೈ ಸರಾಸರಿ 0.7 ಡಿಗ್ರಿ ಬಿಸಿಯಾದರೆ, ಉಷ್ಣವಲಯದ ಹಿಂದೂ ಮಹಾಸಾಗರ ಸುಮಾರು 1 ಡಿಗ್ರಿ ಬಿಸಿಯಾಯಿತು ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

ಜೀವಿಗಳ ಮೈಮೇಲೆ

ಮೀನು, ಸಿಗಡಿ, ಚಿಪ್ಪುಜೀವಿಗಳ ಮೈಬಿಸಿ ಸುತ್ತಲ ನೀರಿನ ಬಿಸಿಯೇ. ನೀರು ಬಿಸಿಯಾದಂತೆ ಅವುಗಳ ದೇಹದ ಕೆಲಸ ಚುರುಕಾಗುತ್ತದೆ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಅದೇ ಹೊತ್ತಿಗೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯ ಕಡಲನೀರಿಗಿಂತ 31 ಡಿಗ್ರಿಯದು ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುವ ಈ ಇಕ್ಕಟ್ಟನ್ನು ನೋಡಲು ಕಡಲಿಗೇ ಹೋಗಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ನೀರು ಇಳಿದ ಬಯಲುಸೀಮೆಯ ಕೆರೆಯ ದಂಡೆಗೆ ನಸುಕಿನಲ್ಲಿ ಹೋದರೆ ಸಾಕು. ಕಾಟ್ಲಾ, ರೋಹು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತಿರುತ್ತವೆ. ರಾತ್ರಿಯಿಡೀ ಪಾಚಿ ಮತ್ತು ಮೀನು ಎರಡೂ ಆಮ್ಲಜನಕ ಬಳಸಿ, ಬೆಳಕಿಲ್ಲದ್ದರಿಂದ ಹೊಸದು ಹುಟ್ಟದೆ, ಬೆಳಗಿನ ಜಾವಕ್ಕೆ ನೀರು ಬರಿದಾಗಿರುತ್ತದೆ. ಮೀನು ಸಾಕುವವರು ಆಗ ಮೇವು ಹಾಕುವುದನ್ನು ನಿಲ್ಲಿಸಿ, ಪಂಪು ಹಚ್ಚಿ ನೀರನ್ನು ಚಿಮ್ಮಿಸುತ್ತಾರೆ. ಕಡಲಿಗೆ ಪಂಪು ಹಚ್ಚುವವರಿಲ್ಲ. ಈಜಬಲ್ಲ ಮೀನು ಆಳಕ್ಕೋ ಉತ್ತರಕ್ಕೋ ಸರಿಯುತ್ತದೆ. ಬಂಡೆಗೆ ಕಚ್ಚಿದ ನೀಲಿಕಲ್ಲು, ಮರಳಲ್ಲಿ ಹೂತ ಮರುವಾಯಿ ಎಂಬ ಚಿಪ್ಪುಜೀವಿಗಳು, ತಳಕ್ಕೆ ಅಂಟಿದ ಹವಳ ಇವಕ್ಕೆ ಹೋಗುವ ದಾರಿಯೇ ಇಲ್ಲ.

ಅರಬ್ಬಿ ಸಮುದ್ರದಲ್ಲಿ ಆಳಕ್ಕೆ ಹೋಗುವುದೂ ಸುಲಭವಲ್ಲ. ಜಗತ್ತಿನ ಅತಿ ದಪ್ಪನೆಯ ಆಮ್ಲಜನಕ–ಕೊರತೆಯ ಪದರಗಳಲ್ಲಿ ಒಂದು ಇಲ್ಲಿನ ಮಧ್ಯದ ಆಳದಲ್ಲಿದೆ. ಮುಂಗಾರಿನ ಕೊನೆಯ ತಿಂಗಳುಗಳಲ್ಲಿ ಅಂಥ ನೀರು ಗೋವಾ–ಕರ್ನಾಟಕದ ಕರಾವಳಿಯ ಹತ್ತಿರಕ್ಕೂ ಮೇಲೇರಿ ಬರುತ್ತದೆ. ಮೇಲೆ ಬಿಸಿ, ಕೆಳಗೆ ಉಸಿರುಗಟ್ಟಿಸುವ ನೀರು: ಮೀನಿಗೆ ಬದುಕಲು ಉಳಿಯುವುದು ನಡುವಣ ಒಂದು ತೆಳು ಪದರ. ಹೀಗೆ ಒತ್ತೊತ್ತಾಗಿ ನಿಂತ ಮೀನು ಬಲೆಗೆ ಸುಲಭವಾಗಿ ಬೀಳುತ್ತದೆ. ಒಂದೆರಡು ವಾರ ಹಿಡುವಳಿ ಹೆಚ್ಚಾದಂತೆ ಕಾಣುವುದೂ ಉಂಟು. ಆ ಹೆಚ್ಚಳವನ್ನು ಕಡಲಿನ ಸಮೃದ್ಧಿ ಎಂದು ಓದುವುದು ತಪ್ಪು.

ಇದಕ್ಕಿಂತ ಮೆಲ್ಲನೆ, ಆದರೆ ಇನ್ನೂ ಅಗಲವಾಗಿ ತಟ್ಟುವ ಏಟು ಆಹಾರದ ಬುಡಕ್ಕೆ. ಕಡಲಿನಲ್ಲಿ ಹುಲ್ಲಿನ ಕೆಲಸ ಮಾಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಪ್ಲವಕಗಳು. ಅವಕ್ಕೆ ಬೇಕಾದ ನೈಟ್ರೇಟ್, ಫಾಸ್ಫೇಟ್ ಇರುವುದು ಕೆಳಗಿನ ತಣ್ಣೀರಿನಲ್ಲಿ. ಮೇಲ್ಪದರ ಬಿಸಿಯಾಗಿ ಹಗುರವಾದಷ್ಟೂ ಕೆಳಗಿನದು ಮೇಲೆ ಬರುವುದು ಕಷ್ಟ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ ಶೇಕಡಾ 20ರಷ್ಟು ಕುಸಿದಿದೆ.

ಹವಳದ ದಿಬ್ಬಗಳು

ಉಷ್ಣ ಅಲೆಯ ಗಾಯ ಅತಿ ಸ್ಪಷ್ಟವಾಗಿ ಕಾಣುವುದು ಹವಳದಲ್ಲಿ. ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ನೆಲೆಸಿ, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದೂ ಆ ಪಾಚಿಯಿಂದ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು 1 ಡಿಗ್ರಿ ಏರಿ ಕೆಲವು ವಾರ ನಿಂತರೆ ಪಾಚಿಯಿಂದ ವಿಷಕಾರಿ ಆಮ್ಲಜನಕ ರೂಪಗಳು ಹೊರಬೀಳುತ್ತವೆ, ಹವಳ ಆ ಪಾಚಿಯನ್ನು ಹೊರಗಟ್ಟುತ್ತದೆ. ಆಗ ಉಳಿಯುವುದು ಬಿಳಿ ಸುಣ್ಣದ ಗೂಡು ಮತ್ತು ಅದರ ಮೇಲೆ ಹಸಿದ, ಇನ್ನೂ ಜೀವವಿರುವ ತೆಳು ಅಂಗಾಂಶ. ಇದೇ ಬಿಳಿಚುವಿಕೆ. ನೀರು ಬೇಗ ತಣಿದರೆ ಪಾಚಿ ಮರಳಿ ಬಂದು ಹವಳ ಚೇತರಿಸುತ್ತದೆ, ತಣಿಯದಿದ್ದರೆ ಸಾಯುತ್ತದೆ. ಬಿಸಿಯ ಮಟ್ಟವನ್ನೂ ಅದು ನಿಂತ ಕಾಲವನ್ನೂ ಕೂಡಿಸಿ ‘ಡಿಗ್ರಿ–ವಾರ’ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. 4 ಡಿಗ್ರಿ–ವಾರ ದಾಟಿದರೆ ಬಿಳಿಚುವಿಕೆ ನಿಚ್ಚಳ. 8 ದಾಟಿದರೆ ವ್ಯಾಪಕ ಸಾವು.

ಕರ್ನಾಟಕದ ಕಡಲಿನಲ್ಲಿ ಹವಳಕ್ಕೆ ಹೆಸರಾದ ಜಾಗ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಭಟ್ಕಳ ತಾಲ್ಲೂಕಿಗೆ ಸೇರಿದ ಈ ದ್ವೀಪದ ಸುತ್ತ ಹವಳಗಳೂ ಅವನ್ನು ಆಶ್ರಯಿಸಿದ ಬಣ್ಣದ ಮೀನುಗಳೂ ಇವೆ. ಆದರೆ ನಿಜವಾದ ದೊಡ್ಡ ದಿಬ್ಬಗಳಿರುವುದು ಪಶ್ಚಿಮಕ್ಕೆ, ಲಕ್ಷದ್ವೀಪದಲ್ಲಿ. ಮಂಗಳೂರಿನಿಂದ ಸರಕು ಹೊತ್ತ ಮಂಜಿ ದೋಣಿಗಳು ಇಂದಿಗೂ ಅಲ್ಲಿಗೆ ಹೋಗುತ್ತವೆ. ದ್ವೀಪವೇ ಹವಳದ ಸುಣ್ಣದಿಂದ ಆದದ್ದು. ಅಲೆಯ ಹೊಡೆತದಿಂದ ದಡವನ್ನು ಕಾಯುವುದೂ ಹವಳದ ಗೋಡೆ. ಗಾಳದಿಂದ ಚೂರೆ (ಟ್ಯೂನಾ) ಮೀನು ಹಿಡಿಯುವ ಅಲ್ಲಿನ ಮೀನುಗಾರಿಕೆಗೆ ಬೇಕಾದ ಜೀವಂತ ಎರೆಮೀನು ಸಿಗುವುದೂ ಹವಳದ ನಡುವಣ ಲಗೂನಿನಲ್ಲಿ.

ಲಕ್ಷದ್ವೀಪಕ್ಕೆ 1998, 2010, 2016ರಲ್ಲಿ ದೊಡ್ಡ ಬಿಳಿಚುವಿಕೆ ಬಡಿಯಿತು. ಮೈಸೂರಿನಲ್ಲಿ ನೆಲೆಯಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು ಬಿಡದೆ ಅಳೆಯುತ್ತ ಬಂದಿದ್ದಾರೆ. ಇಷ್ಟು ದೀರ್ಘವಾದ ಹವಳದ ದಾಖಲೆ ನಮ್ಮ ದೇಶದಲ್ಲಿ ವಿರಳ. ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದೇ ಹೇಳಬೇಕು. ಆ ದಾಖಲೆಯಂತೆ 1998ರಲ್ಲಿ ತಳದ ಶೇಕಡಾ 37ರಷ್ಟು ಭಾಗವನ್ನು ಮುಚ್ಚಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡಾ 20ರ ಒಳಕ್ಕೆ ಇಳಿದಿತ್ತು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪ್ರತಿ ಹೊಡೆತದ ನಂತರ ಹವಳ ಮರಳಿ ಬೆಳೆಯುವುದು ಮೊದಲ ವರ್ಷಗಳಲ್ಲಿ ಬಹಳ ನಿಧಾನ. ಸುಮಾರು ಆರು ವರ್ಷ ಬಿಡುವು ಸಿಕ್ಕ ಮೇಲಷ್ಟೇ ಅದು ವೇಗ ಹಿಡಿಯುತ್ತದೆ. 1998ಕ್ಕೂ 2010ಕ್ಕೂ ನಡುವೆ 12 ವರ್ಷ ಇದ್ದವು. 2010ಕ್ಕೂ 2016ಕ್ಕೂ ನಡುವೆ ಆರೇ ವರ್ಷ. ಬೆಳವಣಿಗೆ ಚುರುಕಾಗಬೇಕಾದ ಹೊತ್ತಿಗೆ ಮುಂದಿನ ಹೊಡೆತ ಬಂದಿತ್ತು. ಮಳೆಯಾಶ್ರಿತ ಹೊಲದ ಬಾಳೂ ಹೀಗೆಯೇ: ಒಂದು ಬರ ಬಂದು ಮುಂದೆರಡು ವರ್ಷ ಬೆಳೆ ಕೈಹಿಡಿದರೆ ಒಕ್ಕಲುತನ ಸುಧಾರಿಸುತ್ತದೆ, ಬರದ ಬೆನ್ನಿಗೆ ಬರ ಬಂದರೆ ಎತ್ತು ಮಾರಿ ಗುಳೆ ಹೋಗುವುದೇ ಗತಿ. ಉಷ್ಣ ಅಲೆಗಳ ಬಗ್ಗೆ ಬರೆಯುವವರು ಎಷ್ಟು ಡಿಗ್ರಿ ಏರಿತು ಎಂಬುದಕ್ಕೆ ಕೊಡುವ ಒತ್ತನ್ನು ಎಷ್ಟು ವರ್ಷ ಬಿಡುವು ಸಿಕ್ಕಿತು ಎಂಬುದಕ್ಕೂ ಕೊಡಬೇಕು.

ನಾಲ್ಕನೆಯ ಹೊಡೆತ 2024ರಲ್ಲಿ ಬಂತು. ಲಕ್ಷದ್ವೀಪದ ಸುತ್ತಣ ನೀರು 2023ರ ಅಕ್ಟೋಬರ್ ಕೊನೆಯಿಂದಲೇ ಉಷ್ಣ ಅಲೆಯ ಸ್ಥಿತಿಯಲ್ಲಿತ್ತು ಎಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್ಆರ್‌ಐ) ಗುರುತಿಸಿತು. ಸಂಚಿತ ಬಿಸಿ 4 ಡಿಗ್ರಿ–ವಾರ ದಾಟಿ, ಗಟ್ಟಿ ಹವಳಗಳು ವ್ಯಾಪಕವಾಗಿ ಬಿಳಿಚಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ಜಗತ್ತಿನ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿತ್ತು. ಪೂರ್ವ ಕರಾವಳಿಯಲ್ಲೂ ಇಂಥದೇ ಕಥೆ: 2020ರ ಮೇ ತಿಂಗಳ ಉಷ್ಣ ಅಲೆಯ ನಂತರ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಶೇಕಡಾ 85ರಷ್ಟು ಹವಳ ಬಿಳಿಚಿದ್ದು ದಾಖಲಾಗಿದೆ.

ಬೂತಾಯಿ ಮತ್ತು ಬಂಗುಡೆ

ಮಂಗಳೂರು, ಮಲ್ಪೆಯ ಜನ ಬೂತಾಯಿ ಎನ್ನುವ, ಕಾರವಾರದವರು ತಾರ್ಲೆ ಎನ್ನುವ ಎಣ್ಣೆಮೀನು ಪಶ್ಚಿಮ ಕರಾವಳಿಯ ಬಡವರ ಊಟ. ಹೆಚ್ಚೆಂದರೆ ಎರಡೂವರೆ ವರ್ಷ ಬದುಕುವ, ಗೇಣುದ್ದದ ಈ ಮೀನು ಮುಂಗಾರು ಶುರುವಾಗುತ್ತಲೇ ಮೊಟ್ಟೆಯಿಡುತ್ತದೆ. ಆಗ ಮೇಲೇಳುವ ತಣ್ಣೀರಿನಲ್ಲಿ ಡಯಾಟಮ್ ಎಂಬ ಸಸ್ಯಪ್ಲವಕ ಹುಲುಸಾಗಿ ಬೆಳೆದು ಮರಿಗಳ ಹೊಟ್ಟೆ ತುಂಬಿಸಬೇಕು. ನೀರು ತಣಿಯುವುದು ತಡವಾದರೆ ಮೇವು ಬರುವ ಹೊತ್ತಿಗೂ ಮರಿ ಹುಟ್ಟುವ ಹೊತ್ತಿಗೂ ತಾಳ ತಪ್ಪುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅತಿಯಾಗಿ ಹಿಡಿದದ್ದು, ಮರಿಗಳನ್ನೂ ಬಿಡದೆ ಬಾಚಿದ್ದು, 2015ರ ಎಲ್ ನಿನೊ ಕಾಲದ ಬಿಸಿ, ಇವೆಲ್ಲ ಕೂಡಿ ಹೀಗಾಯಿತು ಎಂಬುದು ಸಿಎಂಎಫ್ಆರ್‌ಐ ವಿಜ್ಞಾನಿಗಳ ಅಭಿಪ್ರಾಯ. ಮುಂದೆ 2023, 2024ರಲ್ಲಿ ಹಿಡುವಳಿ ಮತ್ತೆ ಲಕ್ಷ ಟನ್ ದಾಟಿತು. 1940ರ ದಶಕದಲ್ಲೂ ಬೂತಾಯಿ ವರ್ಷಗಟ್ಟಲೆ ಕಾಣೆಯಾಗಿ ಮರಳಿ ಬಂದಿತ್ತು. ಹಾಗಾಗಿ ಪ್ರತಿ ಕುಸಿತವನ್ನೂ ಕಡಲಿನ ಬಿಸಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಬಿಸಿ ಬಂದಾಗ ಸಂತತಿ ಮೊದಲೇ ಸೊರಗಿದ್ದರೆ ಏಟು ಇನ್ನೂ ಜೋರಾಗುತ್ತದೆ ಎನ್ನುವುದು ಸರಿಯಾದ ಮಾತು.

ಹಿಂದೆ ಬೂತಾಯಿ ಬಹುಪಾಲು ಸಿಗುತ್ತಿದ್ದುದು ಕೇರಳ ಮತ್ತು ದಕ್ಷಿಣ ಕರ್ನಾಟಕದ ಕಡಲಿನಲ್ಲಿ. 1980ರ ದಶಕದ ನಂತರ ಅದರ ವ್ಯಾಪ್ತಿ ಉತ್ತರಕ್ಕೂ, ಪೂರ್ವ ಕರಾವಳಿಗೂ ಹಬ್ಬಿದ್ದನ್ನು ಇ. ವಿವೇಕಾನಂದನ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಬಂಗುಡೆ ಉತ್ತರಕ್ಕೆ ಹರಡಿದ್ದಲ್ಲದೆ ಆಳಕ್ಕೂ ಇಳಿದಿದೆ. ಮೇಲ್ಮೈಯಲ್ಲಿ ಬಲೆ ಬೀಸುವ ನಾಡದೋಣಿಗೆ ಸಿಗದ ಬಂಗುಡೆ ತಳ ಬಾಚುವ ಟ್ರಾಲ್ ದೋಣಿಗೆ ಸಿಗತೊಡಗಿತು. ಬಿಸಿಯ ಹಂಚಿಕೆಯಲ್ಲೂ ಹೀಗೆ ಬಡವ–ಬಲ್ಲಿದರ ಭೇದ ಇದೆ. ಆಳಸಮುದ್ರಕ್ಕೆ ವಾರಗಟ್ಟಲೆ ಹೋಗಿ ಬರುವ ಯಂತ್ರದೋಣಿ ಮೀನಿನ ಹಿಂದೆ ಹೋದೀತು, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳುವ ದೋಣಿ ಹೋಗಲಾರದು.

ಕರಾವಳಿಯ ಮೀನುಹಿಟ್ಟು ಮತ್ತು ಮೀನೆಣ್ಣೆ ಕಾರ್ಖಾನೆಗಳಿಗೂ ಬೂತಾಯಿಯೇ ಮುಖ್ಯ ಕಚ್ಚಾವಸ್ತು. ಆ ಹಿಟ್ಟು ಸಾಕುಮೀನು, ಸಿಗಡಿ, ಕೋಳಿಗಳ ಮೇವಿಗೆ ಸೇರುತ್ತದೆ. ಕಡಲಿನಲ್ಲಿ ಬೂತಾಯಿ ಕಡಿಮೆಯಾದರೆ ಮೇವಿನ ಬೆಲೆಯ ಮೂಲಕ ಅದರ ಬಿಸಿ ಒಳನಾಡಿಗೂ ತಟ್ಟುತ್ತದೆ.

ಬೇರೆ ಕಡಲುಗಳಲ್ಲಿ

ಈ ವಿದ್ಯಮಾನಕ್ಕೆ ಹೆಸರು ನೆಲೆಯಾದದ್ದು 2011ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಲ್ಲಿ. ಆ ಬೇಸಿಗೆಯಲ್ಲಿ ಕೆಲವೆಡೆ ನೀರು ವಾಡಿಕೆಗಿಂತ 5 ಡಿಗ್ರಿಯವರೆಗೆ ಏರಿ, ಸುಮಾರು 100 ಕಿ.ಮೀ. ಉದ್ದಕ್ಕೆ ಕೆಲ್ಪ್ ಎಂಬ ಕಂದು ಪಾಚಿಯ ಕಾಡು ನಾಶವಾಯಿತು. 2013ರಿಂದ 2016ರ ತನಕ ಉತ್ತರ ಪೆಸಿಫಿಕ್‌ನ ಈಶಾನ್ಯದಲ್ಲಿ ನಿಂತ ಉಷ್ಣ ಅಲೆ ಇನ್ನೂ ದೊಡ್ಡದು. ಮರ್ ಎಂಬ ಕಡಲಹಕ್ಕಿಗಳ 62,000 ಕಳೇಬರಗಳು ದಡದಲ್ಲಿ ಸಿಕ್ಕವು. ಸತ್ತವುಗಳ ಒಟ್ಟು ಸಂಖ್ಯೆ 10 ಲಕ್ಷದವರೆಗೆ ಇರಬಹುದೆಂದು 2020ರಲ್ಲಿ ಅಂದಾಜು ಮಾಡಲಾಗಿತ್ತು. ಅವು ರೋಗದಿಂದ ಸತ್ತಿರಲಿಲ್ಲ, ತಿನ್ನಲು ಕೊಬ್ಬಿದ ಮೀನು ಸಿಗದೆ ಹಸಿವಿನಿಂದ ಸತ್ತಿದ್ದವು. ಅಲಾಸ್ಕ ಕೊಲ್ಲಿಯ ಕಾಡ್ ಮೀನುಗಾರಿಕೆಯನ್ನು 2020ರಲ್ಲಿ ಮುಚ್ಚಬೇಕಾಯಿತು. ಬೇರಿಂಗ್ ಸಮುದ್ರದಲ್ಲಿ 2018–19ರ ಬಿಸಿಯ ನಂತರ ಸುಮಾರು 1,000 ಕೋಟಿ ಹಿಮ ಏಡಿಗಳು ಕಾಣೆಯಾದವು. ತಂಪು ನೀರಿನ ಏಡಿಗೆ ಆ ಬಿಸಿ ನೇರವಾಗಿ ಕೊಲ್ಲುವಷ್ಟಿರಲಿಲ್ಲ. ಬಿಸಿಗೆ ಮೈಯ ಬೇಡಿಕೆ ಏರಿತು, ಅಷ್ಟೊಂದು ಏಡಿಗಳಿಗೆ ಮೇವು ಸಾಲಲಿಲ್ಲ.

ಮಳೆ, ಹೊಳೆ ಮತ್ತು ನಾಲ್ಕು ತಾಲ್ಲೂಕುಗಳು

ಇಂಡಿ ಮತ್ತು ಸಿಂದಗಿಯ ಉತ್ತರದ ಅಂಚಿನಲ್ಲಿ ಭೀಮೆ ಹರಿಯುತ್ತದೆ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಸೀಮೆಯ ದಕ್ಷಿಣದಲ್ಲಿ ಕೃಷ್ಣೆ. ಹಿಂದೆ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲುತ್ತದೆ. ಅದರ ಕೆಳಗೆ ನಾರಾಯಣಪುರದ ಬಸವಸಾಗರ. ಅಲ್ಲಿಂದ ಹೊರಟ ಎಡದಂಡೆಯ ನೀರು ಇಂಡಿ ಶಾಖಾ ಕಾಲುವೆಯಲ್ಲಿ ಈ ಒಣಸೀಮೆಗೆ ಬರುತ್ತದೆ. ಕೃಷ್ಣೆಗೆ ಮಹಾಬಳೇಶ್ವರ, ಭೀಮೆಗೆ ಭೀಮಾಶಂಕರ ತವರು. ಎರಡನ್ನೂ ತುಂಬಿಸುವುದು ಅರಬ್ಬಿ ಸಮುದ್ರದ ತೇವ ಹೊತ್ತು ಸಹ್ಯಾದ್ರಿಗೆ ಬಡಿಯುವ ಮುಂಗಾರು. ಘಟ್ಟದ ಮಳೆನೆರಳಿನಲ್ಲಿರುವ ಈ ತಾಲ್ಲೂಕುಗಳಿಗೆ ನೇರ ಬೀಳುವ ಮಳೆ ಮಾತ್ರ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಅದರಲ್ಲೂ ಹೆಚ್ಚು ಮಳೆ ಜೂನ್–ಜುಲೈನಲ್ಲಲ್ಲ, ಸೆಪ್ಟೆಂಬರಿನಲ್ಲಿ. ಆಗಿನ ಮಳೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳ ಕೊಡುಗೆ ದೊಡ್ಡದು. ಹಿಂಗಾರಿ ಬಿಳಿಜೋಳ, ಕಡಲೆಯ ಬಿತ್ತನೆ ನಿಂತಿರುವುದು ಎರೆಭೂಮಿಯಲ್ಲಿ ಇಳಿದ ಆ ಹಸಿಯ ಮೇಲೆ. ಹೀಗೆ ಈ ಊರುಗಳು ಹೊಳೆಗಾಗಿ ಪಡುವಣ ಕಡಲನ್ನೂ ಹೊಲಕ್ಕಾಗಿ ಬಹುಮಟ್ಟಿಗೆ ಮೂಡಣ ಕಡಲನ್ನೂ ನೆಚ್ಚಿಕೊಂಡಿವೆ.

ಈ ಎರಡು ಕಡಲುಗಳು ಬಿಸಿಯೇರಿದಾಗ ಮುಂಗಾರು ಏನಾಗುತ್ತದೆ? ಪುಣೆಯ ಸಂಸ್ಥೆಯ ರಾಕ್ಸಿ ಕೋಲ್ ಅವರೊಂದಿಗೆ ಜೆ. ಎಸ್. ಸರಣ್ಯ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. 1982ರಿಂದ 2018ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ 66, ಬಂಗಾಳಕೊಲ್ಲಿಯಲ್ಲಿ 94 ಉಷ್ಣ ಅಲೆಗಳನ್ನು ಅವರು ಎಣಿಸಿದರು. ಹೆಚ್ಚಳದ ವೇಗ ಪಡುವಣದಲ್ಲಿ ದಶಕಕ್ಕೆ 1.5, ಮೂಡಣದಲ್ಲಿ 0.5. ಇಂಥ ಅಲೆ ಎದ್ದಾಗ ಮಧ್ಯಭಾರತದಲ್ಲಿ ಮಳೆ ಕುಗ್ಗುತ್ತದೆ, ದಕ್ಷಿಣ ಪರ್ಯಾಯದ್ವೀಪದಲ್ಲಿ ಹೆಚ್ಚುತ್ತದೆ ಎಂಬುದು ಅವರು ಕಂಡದ್ದು. ಬಿಸಿನೀರಿನ ಮೇಲೆ ಗಾಳಿ ಮೇಲೇರಿ ಮೋಡ ಅಲ್ಲೇ ಕಟ್ಟುವುದರಿಂದ ನೆಲದ ಕಡೆಗೆ ಬರುವ ಮುಂಗಾರು ಗಾಳಿಯ ಹರಿವು ಬದಲಾಗುತ್ತದೆ. ವಿಜಯಪುರ ಇರುವುದು ಈ ಎರಡು ವಲಯಗಳ ನಡುವಣ ಸೆರಗಿನಲ್ಲಿ. ಆದ್ದರಿಂದ ‘ಕಡಲು ಬಿಸಿಯಾಯಿತು, ಇಂಡಿಗೆ ಬರ ಬಂತು’ ಎಂದಾಗಲಿ, ‘ಸಿಂದಗಿಗೆ ಪ್ರವಾಹ ಬಂತು’ ಎಂದಾಗಲಿ ಒಂದೇ ಗೆರೆಯಲ್ಲಿ ಬರೆಯುವುದು ವಿಜ್ಞಾನವಲ್ಲ. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಅದರ ಹಿಂದೆ ಎಲ್ ನಿನೊದ ಕೈ ದೊಡ್ಡದಿತ್ತು. ಅದೇ ಎಲ್ ನಿನೊ ಲಕ್ಷದ್ವೀಪದ ನೀರನ್ನೂ ಕಾಯಿಸಿತು. ಬಯಲಿನ ತೊಗರಿ ಒಣಗಿದ್ದಕ್ಕೂ ಕವರತ್ತಿಯ ಹವಳ ಬಿಳಿಚಿದ್ದಕ್ಕೂ ಬೇರು ಅಲ್ಲಿ ಕೂಡುತ್ತದೆ.

ಮೂಡಣ ಕಡಲಿನ ಕೈ ಎಷ್ಟು ಉದ್ದ ಎಂಬುದನ್ನು ಈ ಭಾಗದ ಜನ ಎರಡು ಬಾರಿಯಾದರೂ ಕಣ್ಣಾರೆ ಕಂಡಿದ್ದಾರೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಊರಿಗೆ ಊರೇ ಕುಸಿದವು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ನೆಲ ಹತ್ತಿದ ವಾಯುಭಾರ ಕುಸಿತ ತೆಲಂಗಾಣ, ಉತ್ತರ ಕರ್ನಾಟಕ ಹಾಯ್ದು ಮಹಾರಾಷ್ಟ್ರಕ್ಕೆ ಸಾಗಿತು. ಭೀಮೆ ದಂಡೆ ಮೀರಿ ಹರಿಯಿತು. ಇವೆರಡನ್ನೂ ಉಷ್ಣ ಅಲೆಯ ತಲೆಗೆ ಕಟ್ಟಬೇಕಿಲ್ಲ. ಆದರೆ ಬಿಸಿನೀರು ಚಂಡಮಾರುತಕ್ಕೆ ಬಲ ತುಂಬುವುದಂತೂ ನಿಜ: 2020ರ ಮೇ ತಿಂಗಳ ಅಂಫಾನ್ ಬಂಗಾಳಕೊಲ್ಲಿಯ ಉಷ್ಣ ಅಲೆಯ ಮೇಲೆ ಹಾಯುವಾಗ ಬಹುಬೇಗ ಬಲಿಯಿತು. ಅರಬ್ಬಿ ಸಮುದ್ರದಲ್ಲಿ 2001ರಿಂದ 2019ರ ನಡುವೆ ಚಂಡಮಾರುತಗಳ ಸಂಖ್ಯೆ ಹಿಂದಿನ ಎರಡು ದಶಕಗಳಿಗಿಂತ ಶೇಕಡಾ 52ರಷ್ಟು ಏರಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಕರಾವಳಿಯ ಮೂರೂ ಜಿಲ್ಲೆಗಳ ದಡವನ್ನು ಕೊರೆದು ಹೋದದ್ದು ಇನ್ನೂ ನೆನಪಿನಲ್ಲಿದೆ.

ಗಮನಿಕೆ ಮತ್ತು ಮುಂದಿನ ದಿನಗಳು

ಉಪಗ್ರಹಗಳು, ತೇಲುವ ಬೋಯೆಗಳು, ಆಳಕ್ಕೆ ಮುಳುಗಿ ಮೇಲೇಳುತ್ತ ಅಳೆಯುವ ಆರ್ಗೊ ತೇಲುಯಂತ್ರಗಳು ಕಡಲಿನ ಉಷ್ಣತೆಯನ್ನು ಸತತವಾಗಿ ದಾಖಲಿಸುತ್ತವೆ. ಇನ್‌ಕಾಯಿಸ್ ಉಷ್ಣ ಅಲೆಗಳ ಬಗ್ಗೆ ದಿನವೂ ಸೂಚನೆ ಹೊರಡಿಸುತ್ತದೆ, ಹವಳ ಬಿಳಿಚುವ ಅಪಾಯವನ್ನೂ ಮುಂಚಿತವಾಗಿ ಹೇಳುತ್ತದೆ. ಸಿಎಂಎಫ್ಆರ್‌ಐನ ಮಂಗಳೂರು ಕೇಂದ್ರ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಕರಾವಳಿಯ ಜೀವಿಗಳ ಮೇಲೆ ಕಣ್ಣಿಟ್ಟಿವೆ.

ನೀರನ್ನು ತಣಿಸುವುದು ಯಾರ ಕೈಲೂ ಸಾಧ್ಯವಿಲ್ಲದ್ದರಿಂದ, ಹತ್ತಿರದಲ್ಲಿ ಮಾಡಬಹುದಾದ ಕೆಲಸವೆಂದರೆ ಬಿಸಿಯ ಮೇಲೆ ಬೇರೆ ಹೊರೆಗಳನ್ನು ಹೇರದಿರುವುದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಂತ್ರದೋಣಿ ಮೀನುಗಾರಿಕೆಯ ನಿಷೇಧ ಬೂತಾಯಿ ಮೊಟ್ಟೆಯಿಡುವ ಕಾಲವನ್ನು ಕಾಯುತ್ತದೆ. ಬೆಳಕು ಹಾಯಿಸಿ ಹಿಡಿಯುವುದಕ್ಕೂ ಎರಡು ದೋಣಿ ಜೋಡಿಸಿ ಎಳೆಯುವ ಬುಲ್ ಟ್ರಾಲಿಂಗಿಗೂ ನಿಷೇಧ ಇದೆ; ಅದನ್ನು ಕಾಗದದಿಂದ ಕಡಲಿಗೆ ಇಳಿಸಬೇಕು. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಮೇಯ್ದು ಹೊಸ ಹವಳ ಕೂರಲು ಜಾಗ ಮಾಡಿಕೊಡುವ ಗಿಳಿಮೀನುಗಳನ್ನು ಲಕ್ಷದ್ವೀಪದಲ್ಲಿ ಹಿಡಿಯದೆ ಬಿಡುವುದು ಇನ್ನೊಂದು. ಇವೆಲ್ಲ ಒಂದು ಅಲೆಗೂ ಇನ್ನೊಂದಕ್ಕೂ ನಡುವಣ ಬಿಡುವನ್ನು ಜೀವಿಗಳು ಪೂರ್ತಿ ಬಳಸಿಕೊಳ್ಳುವಂತೆ ಮಾಡುವ ಉಪಾಯಗಳು. ಬಿಡುವೇ ಇಲ್ಲದಿದ್ದರೆ ಇವು ಕೆಲಸಕ್ಕೆ ಬರುವುದಿಲ್ಲ. ಹೊಗೆಯುಗುಳುವಿಕೆ ಇದೇ ಏರುಗತಿಯಲ್ಲಿ ಮುಂದುವರಿದರೆ, 1970ರಿಂದ 2000ದವರೆಗೆ ವರ್ಷಕ್ಕೆ ಸುಮಾರು 20 ದಿನ ಇದ್ದ ಹಿಂದೂ ಮಹಾಸಾಗರದ ಉಷ್ಣ ಅಲೆ ಈ ಶತಮಾನದ ಕೊನೆಗೆ ವರ್ಷಕ್ಕೆ 220ರಿಂದ 250 ದಿನ ಆಗಲಿದೆ ಎಂದು ರಾಕ್ಸಿ ಕೋಲ್ ಮತ್ತು ಸಂಗಡಿಗರ 2024ರ ಅಂದಾಜು ಹೇಳುತ್ತದೆ.

ಒಳನಾಡಿನ ರೈತರಿಗೆ ಹೋಗುವ ಹವಾಮಾನ ಸಲಹೆಗಳಲ್ಲಿ ಮಳೆ, ಗಾಳಿ, ತೇವಾಂಶದ ಮಾತು ಇರುತ್ತದೆ. ಕಡಲಿನ ಮಾತು ಇರುವುದಿಲ್ಲ. ದಿನವೂ ಸಿದ್ಧವಾಗುವ ಕಡಲಿನ ಸೂಚನೆಯ ಎರಡು ಸಾಲನ್ನು ಕನ್ನಡದಲ್ಲಿ ಅದೇ ಸಲಹೆಗೆ ಸೇರಿಸುವುದಕ್ಕೆ ಹೊಸ ಯಂತ್ರವಾಗಲಿ ಹೊಸ ಇಲಾಖೆಯಾಗಲಿ ಬೇಡ. ಸಂಬಂಧಪಟ್ಟವರು ಮೇ ತಿಂಗಳಿಂದಲೇ ಅದನ್ನು ಶುರುಮಾಡಬೇಕು.